ಎಪ್ಪತ್ತೊಂದಕ್ಕೆ ನಿಂತ ಭಾಗಾಕಾರ

ಕಿರಿಯ ಲೆಕ್ಕದ ಮೇಷ್ಟ್ರ ಗ್ರಹಚಾರ ಕೆಟ್ಟಿದ್ದು ಶಾಲೆಯ ಬೆಲ್ ಹೊಡೆದದ್ದರಿಂದ.

ಹಿರಿಯ ಲೆಕ್ಕದ ಮೇಷ್ಟ್ರು ನಿವೃತ್ತರಾಗುವವರಿದ್ದರು. ಅವರ ಹತ್ತನೇ ಕ್ಲಾಸನ್ನು ಮುಂದೆ ಯಾರು ತೆಗೆದುಕೊಳ್ಳಬೇಕೆಂದು ಬೀಳ್ಕೊಡುಗೆ ಸಭೆಯಲ್ಲಿ ಅವರೇ ಹೇಳುವುದೆಂದು ತೀರ್ಮಾನವಾಗಿತ್ತು. ಕಿರಿಯರಿಗೆ ಆ ಕ್ಲಾಸಿನ ಮೇಲೆ ಜೀವ. ಹಾಗಾಗಿ ಕಾಣಿಕೆಯ ಹಿತ್ತಾಳೆ ಫಲಕಕ್ಕೆ ಒಕ್ಕಣೆಯನ್ನು ತಾವೇ ಬರೆದುಕೊಟ್ಟಿದ್ದರು: ‘10001. ಯಾವುದರಿಂದಲೂ ಭಾಗವಾಗದ ಈ ಸಂಖ್ಯೆಯಂತೆ ತಾವೂ ಅವಿಭಾಜ್ಯರು.’

ಬರೆಯುವ ಮುಂಚೆ ಎರಡು, ಮೂರು, ಐದು, ಏಳು ಎಂದು ಭಾಗಿಸುತ್ತ ಎಪ್ಪತ್ತೊಂದರವರೆಗೆ ಬಂದಿದ್ದರು. ಆಗಲೇ ಬೆಲ್ ಹೊಡೆದದ್ದು. ಇಷ್ಟಕ್ಕೂ ಜಗ್ಗದ್ದು ಇನ್ಯಾವುದಕ್ಕೆ ಜಗ್ಗೀತು ಎಂದುಕೊಂಡು ಕ್ಲಾಸಿಗೆ ಹೋಗಿಬಿಟ್ಟರು.

ಸಭೆಯ ದಿನ ಬೆಳಿಗ್ಗೆ, ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ ಫೋನಿನ ಮೇಲೆ ಬೆರಳಾಡಿಸುತ್ತ ಕೇಳಿದರು, “ಸಾರ್, ಎಪ್ಪತ್ಮೂರು ನೋಡಿದ್ರಾ?”

“ಯಾಕೆ ಮೇಡಂ?”

“ಏನಿಲ್ಲ. ನೂರಾ ಮೂವತ್ತೇಳು ಸಲ ಸರಿಯಾಗಿ ಹೋಗತ್ತೆ.”

ಫಲಕದ ಕೆತ್ತನೆ ಆಗಲೇ ಮುಗಿದಿತ್ತು, ಹೊಸದು ಮಾಡಿಸಲು ಹೊತ್ತಿರಲಿಲ್ಲ. ಹಿರಿಯರಾದರೋ, ಮದುವೆ ಕರೆಯೋಲೆಯಲ್ಲಿ ತಾರೀಖಿಗೂ ವಾರಕ್ಕೂ ತಾಳೆಯಾಗದಿದ್ದರೆ ಊಟಕ್ಕೇ ಹೋಗದ ಆಸಾಮಿ.

“ಅಳಿಸೋಕೆ ಆಗಲ್ಲ, ಸೇರಿಸಬಹುದು,” ಎಂದರು ಡ್ರಾಯಿಂಗ್ ಮೇಷ್ಟ್ರು. “ಕೊನೇ ಒಂದರ ತಲೆ ಮೇಲೆ ಅಡ್ಡಗೀಟು ಎಳೆಸಿ. ಏಳಾಗತ್ತೆ.”

10007. ಈ ಸಲ ಕಿರಿಯರು ಬೆಲ್ಲಿಗೆ ಕಿವಿಗೊಡದೆ ತೊಂಬತ್ತೇಳರವರೆಗೂ ಭಾಗಿಸಿದರು. ಒಡೆಯಲಿಲ್ಲ. ಕೆತ್ತನೆಯವನಿಗೆ ಫೋನ್ ಮಾಡಿ, ಕೊನೆಯ ಅಂಕಿ, ಕೊನೆಯದು ಎಂದು ಎರಡೆರಡು ಸಲ ಹೇಳಿದರು. ಅಷ್ಟರಲ್ಲಿ ಅವರ ಕ್ಲಾಸು ಸಂತೆಯಾಗಿ, ಹೆಡ್ ಮೇಷ್ಟ್ರು ಎಲ್ಲರೆದುರೇ ಬೈದರು. ಹೋದ ಜೀವ ಬಂದಿದ್ದರಿಂದ ಅವರಿಗೆ ಅದೇನೂ ಅನ್ನಿಸಲಿಲ್ಲ.

ಫಲಕ ಬಣ್ಣದ ಕಾಗದ ಸುತ್ತಿಕೊಂಡು ನೇರ ವೇದಿಕೆಗೇ ಬಂತು. ಹಿರಿಯರು ಕಾಗದ ಬಿಚ್ಚಿ, ಕನ್ನಡಕ ಏರಿಸಿ, ಒಕ್ಕಣೆಯನ್ನು ಕೊನೆಯವರೆಗೆ ಓದಿದರು. ಸಭೆ ಗಂಭೀರವಾಗಿ ಕಾದಿತ್ತು.

“ಎಪ್ಪತ್ತು ಸಾವಿರದ ಏಳು,” ಎಂದರು.

ಕಿರಿಯರು ಬಗ್ಗಿ ನೋಡಿದರು. ಕೊನೆಯ ಒಂದಕ್ಕೆ ಗೀಟು ಬಿದ್ದ ಮೇಲೆ ಮೊದಲನೆಯ ಒಂದು ಕೆತ್ತನೆಯವನ ಕಣ್ಣಿಗೆ ಬೋಳುಬೋಳಾಗಿ ಕಂಡಿರಬೇಕು. ಎರಡೂ ಕಡೆ ಒಂದೇ ಥರ ಇರಲೆಂದು ಪುಣ್ಯಾತ್ಮ ಅದಕ್ಕೂ ಒಂದು ಗೀಟು ಎಳೆದು, ಪುಕ್ಕಟೆ ಪಾಲಿಶ್ ಕೂಡ ಹಾಕಿದ್ದ.

“ಇದು ಏಳರಿಂದಲೇ ಹೋಗತ್ತಲ್ಲಪ್ಪ. ಏನು ಬರತ್ತೆ?”

“ಹತ್ತು ಸಾವಿರದ ಒಂದು, ಸಾರ್.”

“ಅದಾದ್ರೂ ಒಡೆಯಲ್ವಾ?”

ಈ ಮನುಷ್ಯನೆದುರು ಸುಳ್ಳು ಹೇಳಲು ಕಿರಿಯರ ನಾಲಿಗೆ ಹೊರಳಲಿಲ್ಲ. “ಒಡೆಯತ್ತೆ ಸಾರ್. ಎಪ್ಪತ್ಮೂರು, ನೂರಾ ಮೂವತ್ತೇಳು.”

ಹಿರಿಯರು ಕನ್ನಡಕ ತೆಗೆದು ಅವರನ್ನೇ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

“ಉತ್ತರ ಎಲ್ಲಾ ಸರಿಯಾಗಿದೆ. ಗೊತ್ತಿಲ್ದೆ ಬರೆಸಿದ್ರೆ ಹೇಳ್ಕೊಡಬಹುದಿತ್ತು. ಇಷ್ಟೆಲ್ಲ ಗೊತ್ತಿದ್ದೂ ಕೆತ್ತಿಸಿದ್ದೀಯಲ್ಲ, ನಿನಗೆ ನಾನು ಏನು ಹೇಳಲಿ?”

ಹತ್ತನೇ ಕ್ಲಾಸು ವಿಜ್ಞಾನದ ಮೇಡಂ ಪಾಲಾಯಿತು.