ನಮ್ಮಣ್ಣನ ಖಾತ್ರಿ ವೋಟು

ನಮ್ಮಣ್ಣ ಎಲೆಕ್ಷನ್ನಿನಲ್ಲಿ ಸೋತ ವರ್ಷ ನಾನು ಅವನಿಗೆ ವೋಟು ಹಾಕಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ಎಷ್ಟು ನಕ್ಕರೂ ನನಗೆ ಹೆದರಿಕೆಯಿಲ್ಲ. ಅವನ ವಿಷಯ ಹೇಳಲು ಕೂತರೆ ಯಾರಾದರೂ ನಗಲೇಬೇಕು. ಎರಡು ಸಲ ಎಮ್ಮೆಲ್ಲೆಯಾಗಿ ಬೆಂಗಳೂರಿನಲ್ಲಿ ಕೂತು ಬಂದವನಿಗೆ ತನ್ನ ಪಂಚೆ ಎಲ್ಲಿದೆ ಎಂದು ಗೊತ್ತಿರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಹಳ್ಳಿಯ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಒಂದು ದಿನ ಊಟಕ್ಕೆ ಕೂತವನು, ‘ನೀರು ಎಲ್ಲಿಂದ ತತ್ತೀಯಾ ಅಮ್ಮಣ್ಣಿ?’ ಎಂದು ನನ್ನನ್ನು ಕೇಳಿದ. ನಮ್ಮ ಹಿತ್ತಲಲ್ಲೇ ಬಾವಿ ಇತ್ತು. ಅದನ್ನು ತೋಡಿಸಿದವರು ನಮ್ಮಪ್ಪ!

ನಾನು ಅವನ ತಂಗಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾದ ಕೆಲವೇ ದಿನಕ್ಕೆ ಗಂಡ ತೀರಿಕೊಂಡು, ಮಧುಗಿರಿಯ ಹತ್ತಿರದ ನಮ್ಮ ಹಳ್ಳಿಗೆ ತಿರುಗಿ ಬಂದವಳು. ಅಣ್ಣ ಮದುವೆಯನ್ನೇ ಆಗಲಿಲ್ಲ. ಹೆಣ್ಣು ತೋರಿಸಲು ಬಂದವರಿಗೆಲ್ಲ, ಸೀಮೆಯೇ ನನ್ನ ಸಂಸಾರ ಎಂದು ಹೇಳಿ ಕಳಿಸುತ್ತಿದ್ದ. ಮಾತು ದೊಡ್ಡದು, ಒಪ್ಪಿದೆ. ಆದರೆ ಆ ಸಂಸಾರಕ್ಕೆ ಮುದ್ದೆ ಕಟ್ಟುತ್ತಿದ್ದವಳು ಯಾರು? ಸಂಸಾರ ಅವನದು, ಒಲೆ ನನ್ನದು.

ನಾನು ಎಡಚಿ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಎಡಗೈಯಲ್ಲಿ ಬಡಿಸಿದರೆ ಮನೆಗೆ ಶ್ರೇಯಸ್ಸಲ್ಲ ಎಂದು ನಮ್ಮವ್ವ ಸೌಟಿನಿಂದಲೇ ಗೆಣ್ಣಿಗೆ ಹೊಡೆದು ಹೊಡೆದು ನನ್ನನ್ನು ತಿದ್ದಿದ್ದಳು. ಬಡಿಸುವುದು ಬಲಗೈಗೆ ಬಂತು. ಮಿಕ್ಕ ಕೆಲಸವೆಲ್ಲ ಎಡಗೈಗೇ ಉಳಿಯಿತು.

ಅಣ್ಣ ಮೊದಲ ಸಲ ಗೆದ್ದಾಗ ಹಾರ ಹಾಕಿಸಿಕೊಂಡು ಮನೆಗೆ ಬಂದ. ಬಂದವನು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಬಡಗಿಯನ್ನು ಕರೆಸಿ ಬಾಗಿಲಿನ ಅಗಳಿ ಕೀಳಿಸಿದ್ದು. ‘ಗೆಲ್ಸಿರೋ ಜನಕ್ಕೆ ಅಗಳಿ ಹಾಕಕ್ಕಾಯ್ತದಾ?’ ಎಂದ. ಅವತ್ತಿನಿಂದ ನಮ್ಮ ಮನೆ ಬಸ್‌ಸ್ಟ್ಯಾಂಡಾಯಿತು. ಸ್ಕೂಲು ಬೇಕೆನ್ನುವವರು, ರಸ್ತೆ ಬೇಕೆನ್ನುವವರು, ಅಳಿಯನಿಗೆ ಬುದ್ಧಿ ಹೇಳಿ ಎನ್ನುವವರು, ಏನೂ ಬೇಡ, ಸುಮ್ಮನೆ ನೋಡಿಕೊಂಡು ಹೋಗಲು ಬಂದೆ ಎಂದು ಮೂರು ದಿನ ಉಳಿಯುವವರು. ಒಂದು ಬೆಳಗ್ಗೆ ಪಕ್ಕದ ಮನೆಯ ಕರು ಹಗ್ಗ ಬಿಚ್ಚಿಕೊಂಡು ಪಡಸಾಲೆಗೆ ನುಗ್ಗಿತು. ಅಣ್ಣ ಆಗ ತಾನೆ ಎದ್ದಿದ್ದ, ಕನ್ನಡಕ ಕೈಗೆ ಸಿಕ್ಕಿರಲಿಲ್ಲ. ಅದನ್ನು ನೋಡಿ ಬಹಳ ಮರ್ಯಾದೆಯಿಂದ, ‘ಬನ್ನಿ, ಕೂತ್ಕಳಿ. ಯಾವೂರಾಯ್ತು?’ ಎಂದು ವಿಚಾರಿಸಿದ. ಕರು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಯಿತು. ಅಷ್ಟು ವರ್ಷಗಳಲ್ಲಿ ಏನೂ ಕೇಳದೆ ಹೋದದ್ದು ಅದೊಂದೇ.

ಭಾಷೆಯ ವಿಷಯಕ್ಕೆ ಬಂದರೆ ಅವನಿಗೆ ಸಂಕೋಚ ಎಂಬುದೇ ಇರಲಿಲ್ಲ. ಶಿರಾದಲ್ಲಿ ಉರ್ದು, ಪಾವಗಡದ ಕಡೆ ತೆಲುಗು, ಎರಡೂ ಅರೆಬೆಂದವು. ಪಾವಗಡದ ಒಂದು ಹಳ್ಳಿಯಲ್ಲಿ ಒಂದು ಗಂಟೆ ತೆಲುಗಿನಲ್ಲಿ ಭಾಷಣ ಬಿಗಿದನಂತೆ. ಎಲ್ಲ ಮುಗಿದ ಮೇಲೆ ಮುಂದೆ ಕೂತಿದ್ದ ಮುದುಕಿಯೊಬ್ಬಳು, ‘ಮಾಟಲು ಬಾಗುನ್ನಾಯಿ ನಾಯ್ನಾ, ನೀಳ್ಳು ಎಪ್ಪುಡು?’ ಎಂದಳಂತೆ. ಮಾತೇನೋ ಚೆನ್ನಾಗಿದೆಯಪ್ಪ, ನೀರು ಯಾವಾಗ ಎಂದು. ಅಣ್ಣನಿಗೆ ಅದು ನಾಟಿಬಿಟ್ಟಿತು. ಅವಳು ಕುಡಿಯುವ ಉಪ್ಪುನೀರನ್ನೇ ಒಂದು ಚೊಂಬು ತುಂಬಿಸಿಕೊಂಡು, ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ, ಮಂತ್ರಿಗಳಿಗೇ ಕುಡಿಸುತ್ತೇನೆಂದು ಬೆಂಗಳೂರಿನ ಬಸ್ಸು ಹತ್ತಿದ. ಬೇಸಿಗೆ. ಬಸ್ಸು ಕೊರಟಗೆರೆ ದಾಟಿ ಕೆಟ್ಟು ನಿಂತಿತು. ಅಲ್ಲೆಲ್ಲೂ ನೀರಿಲ್ಲ. ಇವನ ಕೈಯಲ್ಲೇ ಇದೆಯಲ್ಲ ಚೊಂಬು! ಇವನೂ ಕುಡಿದ, ಡ್ರೈವರೂ ಕುಡಿದ, ಮಿಕ್ಕದ್ದು ಇಂಜಿನ್ನಿಗಾಯಿತು. ಖಾಲಿ ಚೊಂಬನ್ನೇ ಮಂತ್ರಿಗಳ ಮೇಜಿನ ಮೇಲಿಟ್ಟು, ನಮ್ಮ ಸೀಮೆಯಲ್ಲಿ ಇಂಥ ನೀರಿಗೂ ಇಷ್ಟು ಬರ ಸ್ವಾಮಿ ಎಂದನಂತೆ. ಆ ಊರಿಗೆ ಬಾವಿ ಮಂಜೂರಾಯಿತು. ಚೊಂಬು ಮಾತ್ರ ವಾಪಸು ಬರಲಿಲ್ಲ. ಅದು ನಮ್ಮ ಮನೆಯದು.

ಇಂಥವನಿಗೆ ಜನ ವೋಟು ಹಾಕದೆ ಇರುತ್ತಾರೆಯೇ? ವೋಟು ಕೇಳುವುದರಲ್ಲಿ ಅವನದೇ ಒಂದು ಪದ್ಧತಿ ಇತ್ತು. ಬಾಗಿಲ ಮುಂದೆ ನಿಂತು ಕೂಗುವವನಲ್ಲ. ಯಾರ ಮನೆಯಾದರೂ ಸರಿ, ಯಾವ ಕೇರಿಯಾದರೂ ಸರಿ, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ‘ತಾಯೀ, ನಿನ್ ಮಗ ಬಂದವ್ನೆ’ ಎನ್ನುತ್ತಿದ್ದ. ಒಳಗಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದರು. ಅವರು ಕೊಟ್ಟ ಮುದ್ದೆ ಬೇಡ ಎನ್ನುವಂತಿಲ್ಲ, ಬೇಡ ಎಂದರೆ ಆ ಮನೆಯ ವೋಟು ಹೋದಂತೆ. ಇಷ್ಟೊಂದು ಹೇಗೆ ತಿನ್ನುತ್ತೀಯ ಎಂದು ಕೇಳಿದರೆ, ಮುದ್ದೆ ಅಗಿಯುವುದಲ್ಲ ನುಂಗುವುದು, ಹಲ್ಲಿಗೆ ತಗಲದ್ದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದ.

ಸೀಮೆಯ ಹೊಸ್ತಿಲುಗಳನ್ನೆಲ್ಲ ಮುಟ್ಟಿದವನು ಒಂದನ್ನು ಮಾತ್ರ ದಾಟಿಕೊಂಡು ಬರುತ್ತಿದ್ದ. ಅದು ನಮ್ಮ ಮನೆಯದು. ನನ್ನದು ಕೇಳಬೇಕಾದ ವೋಟಲ್ಲ, ಇದ್ದೇ ಇರುವ ವೋಟು. ಹಿತ್ತಲ ಬಾವಿಯ ಹಾಗೆ.

ಮೂರನೇ ಎಲೆಕ್ಷನ್ನು ಬರುವ ಹೊತ್ತಿಗೆ ನಾನು ಸೋತುಹೋಗಿದ್ದೆ. ಬೆನ್ನು ಬಗ್ಗಿದರೆ ನೆಟ್ಟಗಾಗುತ್ತಿರಲಿಲ್ಲ. ಹೊಗೆಗೆ ಕಣ್ಣು ಮಂಜಾಗುತ್ತಿತ್ತು. ವೋಟಿನ ದಿನ ಬೆಳಗ್ಗೆ ಅವನು ನಮ್ಮ ಬೀದಿಯ ಅಷ್ಟೂ ಮನೆಯ ಹೊಸ್ತಿಲು ಮುಟ್ಟಿಕೊಂಡು ಬಂದ. ಎದುರು ಮನೆಯ ಹೊಸ್ತಿಲು ಮುಟ್ಟಿದ. ತಿರುಗಿ ನಮ್ಮ ಬಾಗಿಲಿಗೆ ಬಂದು, ಒಲೆಯ ಮುಂದಿದ್ದ ನನ್ನನ್ನು ಕೇಳಿದ: ‘ಏಜೆಂಟ್ರಿಗೆ ಮುದ್ದೆ ಆಯ್ತಾ?’

ಅಷ್ಟೇ.

ಮುದ್ದೆಯನ್ನೂ ಹುರುಳಿ ಸಾರನ್ನೂ ಗಾಡಿಯಲ್ಲಿ ಕಳಿಸಿದೆ. ಪಾತ್ರೆ ತೊಳೆದೆ. ನಮ್ಮೂರ ಸ್ಕೂಲಿನಲ್ಲೇ ವೋಟು, ಬೀದಿಯ ಕೊನೆಗೆ ಹೋದರಾಯಿತು. ಅಕ್ಕಪಕ್ಕದವರು ಸೀರೆ ಉಟ್ಟುಕೊಂಡು ಬಂದು ಕರೆದರು. ನೀವು ನಡೀರಿ, ಬಂದೆ ಎಂದೆ. ಒರಳ ಪಕ್ಕ ಗೋಡೆಗೆ ಒರಗಿ ಕೂತೆ. ನಿದ್ದೆ ಬಂದಿತ್ತು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿದ್ದೆ ಬಂದಿರಲಿಲ್ಲ. ಅವನು ಸೋತರೆ ಈ ಒಲೆ ಆರುತ್ತದಲ್ಲ ಎಂದು ಯೋಚಿಸುತ್ತ ಕೂತಿದ್ದೆ. ಸೋಲಲಿ ಎಂದುಕೊಂಡೆ. ಸ್ಕೂಲಿನ ಗಂಟೆ ಹೊಡೆಯಿತು, ವೋಟು ಮುಗಿಯಿತು.

ಆಮೇಲೆ ಹೆದರಿಕೆ ಹತ್ತಿತು. ಬೀದಿಯಲ್ಲಿ ಹುಡುಗರಿಂದ ಮುದುಕರವರೆಗೆ ಎಲ್ಲರಿಗೂ ಬೆರಳಿನ ಶಾಯಿ ತೋರಿಸಿಕೊಳ್ಳುವುದೇ ಸಂಭ್ರಮ. ನನ್ನ ಬೆರಳು ಯಾರಾದರೂ ಕೇಳಿದರೆ? ಹಿತ್ತಲ ಗೂಡಿನಲ್ಲಿ ಕರಿಗೇರು ಕಾಯಿ ಇತ್ತು. ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕಾಯಿ, ಎಷ್ಟು ಒಗೆದರೂ ಅದರ ಕಪ್ಪು ಹೋಗುವುದಿಲ್ಲ. ಸೂಜಿಯಿಂದ ಚುಚ್ಚಿ ಅದರ ಹಾಲನ್ನು ತೋರುಬೆರಳಿಗೆ ಹಚ್ಚಿಕೊಂಡೆ. ಬಟ್ಟೆಗೆ ಗುರುತಾಗುವುದು ಚರ್ಮಕ್ಕೆ ಬೆಂಕಿಯಾಗುತ್ತದೆ ಎಂಬುದು ಗೊತ್ತಿಲ್ಲದವಳೇ ನಾನು? ಗೊತ್ತಿತ್ತು. ಅವತ್ತು ತಲೆ ನನ್ನ ಕೈಯಲ್ಲಿರಲಿಲ್ಲ. ಬೆಳಗಾಗುವುದರೊಳಗೆ ಬೆರಳು ಬೊಬ್ಬೆ ಬಂದು ಬದನೆಕಾಯಿಯಾಯಿತು.

ಅಣ್ಣ ಸೋತ. ನನ್ನೊಂದು ವೋಟಿನಿಂದ ಸೋತದ್ದಲ್ಲ, ಅಷ್ಟು ದೊಡ್ಡವಳು ನಾನಲ್ಲ. ವೋಟು ಎಣಿಸಿದಲ್ಲಿಂದ ಮಧ್ಯಾಹ್ನ ಒಬ್ಬನೇ ನಡೆದು ಬಂದು, ಕಾಲು ತೊಳೆದು, ಊಟಕ್ಕೆ ಕೂತ. ಬಡಿಸಿದೆ. ನನ್ನ ಬೆರಳಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿಸಿ ನೋಡಿದ. ಶಾಯಿ ನನ್ನ ಮೈಗೆ ಒಗ್ಗಲಿಲ್ಲ ಎಂದೆ. ಬಟ್ಟೆಯನ್ನು ಮತ್ತೆ ಸುತ್ತಿ ಕಟ್ಟಿ, ‘ಬುಡು. ಒಂದ್ ಓಟಾದ್ರೂ ಖಾತ್ರಿ ಬಿದ್ದೈತೆ’ ಎಂದು ಮುದ್ದೆ ಮುರಿದ.

ಇನ್ನು ಒಲೆ ಆರಿತೆಂದು ನೀವು ತಿಳಿದಿರಬೇಕು. ನಾನೂ ತಿಳಿದಿದ್ದೆ. ಸೋತವನು ಖಾಲಿ ಕೂತಿದ್ದಾನೆಂದು ಪಕ್ಷದವರು ಅವನನ್ನು ನಾಲ್ಕು ತಾಲ್ಲೂಕಿಗೂ ಮುಖಂಡನನ್ನಾಗಿ ಮಾಡಿಬಿಟ್ಟರು! ಎಮ್ಮೆಲ್ಲೆಯಾಗಿದ್ದಾಗ ವರ್ಷದಲ್ಲಿ ಕೆಲವು ತಿಂಗಳಾದರೂ ಬೆಂಗಳೂರಿನಲ್ಲಿರುತ್ತಿದ್ದ. ಮುಖಂಡನಾದವನು ಮನೆಯಲ್ಲೇ ಇರುತ್ತಾನೆ. ಮೊದಲು ಜನ ಮಾತ್ರ ಬರುತ್ತಿದ್ದರು. ಈಗ ಜನರ ಜೊತೆಗೆ ಟಿಕೆಟ್ಟು ಬೇಕೆನ್ನುವವರೂ ಬರತೊಡಗಿದರು. ಅವರ ಊಟ ಜಾಸ್ತಿ. ಚಿಕ್ಕ ಹಂಡೆ ಹೋಗಿ ದೊಡ್ಡ ಹಂಡೆ ಬಂತು. ದೇವರು ಶಿಕ್ಷೆ ಕೊಡುವುದಾದರೆ ಇಷ್ಟು ಅಳತೆ ನೋಡಿ ಕೊಡುತ್ತಾನೆಯೇ!

ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇತ್ತು. ಎಲ್ಲರ ಬೆರಳಿನ ಶಾಯಿ ಅಳಿಸಿಹೋಯಿತು. ನನ್ನದು ಅಳಿಸಲಿಲ್ಲ. ಗಾಯ ಮಾಯ್ದ ಮೇಲೆ ಹುಣಸೆಬೀಜದಷ್ಟು ಕಪ್ಪು ಕಲೆ ಬೆರಳಿನ ಮೇಲೆ ನಿಂತೇಬಿಟ್ಟಿತು. ಅಣ್ಣ ಅದನ್ನು ಪಕ್ಷದ ಪ್ರಚಾರಕ್ಕೆ ಹಿಡಿದ. ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಕೊರಟಗೆರೆಯಲ್ಲಿ ಹೆಂಗಸರ ಸಭೆ. ನನ್ನ ಕೈ ಹಿಡಿದು ಮೇಲೆತ್ತಿ, ‘ನಿಮ್ ಬೆಳ್ಳಿನ ಸಾಯಿ ಎಲ್ಲೋಯ್ತ್ರವ್ವ? ನೋಡಿ ನಮ್ ತಂಗೀದ. ಓಟು ಅಂದ್ರೆ ಇಂಗೆ ಮೈಗೆ ಅಂಟ್ಕಬೇಕು’ ಎಂದ. ಚಪ್ಪಾಳೆಯೋ ಚಪ್ಪಾಳೆ. ಶಿರಾದಲ್ಲಿ ಬಳೆ ಅಂಗಡಿ ಸಾಹೇಬರ ತಾಯಿ ನನ್ನ ಬೆರಳನ್ನು ಉಜ್ಜಿ ಉಜ್ಜಿ ನೋಡಿ, ‘ಅರೆ ಬೇಟಿ, ಕ್ಯಾ ಪಕ್ಕಾ ರಂಗ್ ಹೈ!’ ಎಂದು ಬೆರಗಾದರು. ತಮ್ಮ ಬಟ್ಟೆಗೆ ಹಾಕಿಸಲು ಇಂಥ ಹೋಗದ ಬಣ್ಣ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮದಲೂರಿನ ಕೆರೆ ಏರಿಯ ಮೇಲೆ ನಡೆದ ಸಭೆಯಲ್ಲಿ ಹೆಂಗಸರು ಸಾಲಾಗಿ ಬಂದು ಅದನ್ನು ಮುಟ್ಟಿ ನಮಸ್ಕಾರ ಮಾಡಿದರು. ನಾನು ಎಲ್ಲಿಗೆ ಓಡಿಹೋಗಲಿ ಹೇಳಿ? ಹಿಂದೆ ಕೆರೆ, ಮುಂದೆ ಜನ. ಮನೆಗೆ ಬಂದು ಎಷ್ಟೋ ಸಲ ಆ ಬೆರಳನ್ನು ಬೂದಿ ಹಾಕಿ ತಿಕ್ಕಿದ್ದೇನೆ. ಅಣ್ಣನಿಗೆ ಹೇಳಿಬಿಡೋಣ ಎಂದು ಪಡಸಾಲೆಯವರೆಗೆ ಹೋದರೆ ಅಲ್ಲಿ ಯಾರಾದರೂ ಕೂತಿರುತ್ತಿದ್ದರು. ಬಾಗಿಲಿಗೆ ಅಗಳಿ ಇಲ್ಲವಲ್ಲ.

ಮುಂದಿನ ಎಲೆಕ್ಷನ್ನು ಬಂತು. ಟಿಕೆಟ್ಟು ಯಾರಿಗೆ ಎಂದು ಹೇಳುವವನು ನಮ್ಮಣ್ಣನೇ. ಕೊಡುವ ಕೈ ತನ್ನದೇ ಆಗಿದ್ದರೂ ತನಗೆ ಕೊಟ್ಟುಕೊಳ್ಳಲಿಲ್ಲ. ಮಧುಗಿರಿಯ ಹುಡುಗ ಲಾಯರೊಬ್ಬನಿಗೆ ಕೊಟ್ಟ. ಯಾಕೆ ಎಂದು ಕೇಳಿದವರಿಗೆ, ನನಗಿನ್ನು ಮುದ್ದೆ ನುಂಗಲು ಆಗುವುದಿಲ್ಲ ಎಂದು ನಗಿಸಿ ಕಳಿಸಿದ. ಆಗಲೇ ಅವನ ಕಾಲು ಊದುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಕೂರಬೇಕಾಗುತ್ತಿತ್ತು.

ವೋಟಿನ ದಿನ ಬೆಳಗ್ಗೆ ನಾನು ಒಲೆಯ ಮುಂದಿದ್ದೆ. ಬಾಗಿಲ ಕಡೆಯಿಂದ, ‘ತಾಯೀ’ ಎಂದು ಯಾರೋ ಕೂಗಿದರು. ಬಂದು ನೋಡಿದರೆ ಅಣ್ಣ. ಹೊರಗೆ ನಿಂತಿದ್ದಾನೆ. ಊದಿದ ಕಾಲಿನಲ್ಲಿ ಕಷ್ಟಪಟ್ಟು ಬಗ್ಗಿ ನಮ್ಮ ಮನೆಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ‘ಬಾ, ಓಟಾಕ್ಬುಟ್ಟು ಬರಾನ’ ಎಂದ. ಹುಡುಗಾಟ ಎಂದುಕೊಂಡೆ. ಅವನ ಮುಖದಲ್ಲಿ ಹುಡುಗಾಟವಿರಲಿಲ್ಲ.

ಸ್ಕೂಲಿಗೆ ಹೋದೆವು. ನಾನು ಮುಂದೆ, ಅವನು ಹಿಂದೆ. ಶಾಯಿ ಹಾಕುವ ಮೇಷ್ಟರ ಮುಂದೆ ನಾನು ಕಲೆ ಇದ್ದ ಬಲಗೈಯನ್ನು ಚಾಚಿದೆ. ‘ಎಡಗೈ ಕೊಡಮ್ಮ’ ಎಂದರು. ಕೊಟ್ಟೆ. ಎಡಗೈಯ ತೋರುಬೆರಳಿಗೆ ಶಾಯಿ ಹಚ್ಚಿದರು. ಎರಡು ಕೈಯನ್ನೂ ಮುಂದೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ವೋಟಿನ ಶಾಯಿ ಯಾವಾಗಲೂ ಎಡಗೈಗೇ. ಹೊಸ ಗುರುತು ಎಡಗೈಯಲ್ಲಿದೆ, ಹಳೆಯದು ಬಲಗೈಯಲ್ಲಿದೆ. ಎಡಚಿ ತಾನೆ, ಅವತ್ತು ಗಾಬರಿಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿದು ಬಲಗೈಗೆ ಹಚ್ಚಿಕೊಂಡಿದ್ದೆ. ಅಷ್ಟು ಸಭೆಗಳಲ್ಲಿ ಅಷ್ಟು ಜನ ನೋಡಿದರೂ ಒಬ್ಬರೂ ಕೇಳಲಿಲ್ಲವಲ್ಲ! ಎದುರಿಗೆ ನಿಂತವರಿಗೆ ಎಡ ಯಾವುದು, ಬಲ ಯಾವುದು? ಆದರೆ ಅಣ್ಣ ಯಾವತ್ತೂ ನನ್ನ ಎದುರಿಗೆ ನಿಂತವನಲ್ಲ, ಪಕ್ಕದಲ್ಲಿ ನಿಂತು ಕೈ ಎತ್ತಿದವನು.

ವೋಟು ಹಾಕಿ ಬರುವಾಗ ಹುಣಸೆಮರದ ಕಟ್ಟೆಯ ಮೇಲೆ ಉಸ್ಸೆಂದು ಕೂತ. ನಾನು ನಿಂತಿದ್ದೆ.

‘ಯಾವಾಗಿಂದ ಗೊತ್ತಣ್ಣ?’ ಎಂದೆ.

‘ಸೋತು ಬಂದು ಉಣ್ಣಕ್ಕೆ ಕೂತ್ನಲ್ಲ, ಆವತ್ತೇಯ. ಬಲಗೈಗೆ ಬಟ್ಟೆ ಕಟ್ಕಂಡು ಎಡಗೈಲಿ ಬಡುಸ್ದೆ. ಅವ್ವ ಇದ್ದಿದ್ರೆ ಸೌಟ್ನಾಗೆ ಬಿಡೋಳು.’

‘ಮತ್ಯಾಕೆ ಊರೂರ್ಗೂ ತೋರುಸ್ದೆ?’

ಅವನು ನನ್ನ ಬಲಗೈ ಎಳೆದುಕೊಂಡು ಆ ಕಲೆಯನ್ನು ಹೆಬ್ಬೆರಳಿನಿಂದ ಸವರಿದ. ‘ಓಟಾಕಿದೋರು ವಾರಕ್ಕೆ ನನ್ನ ಮರ್ತ್ರು ಕಣಮ್ಮಣ್ಣಿ. ನಂಗೋಸ್ಕರ ಬೆಳ್ಳು ಸುಟ್ಕಂಡೋಳು ನೀನೊಬ್ಳೆಯ. ಯಾರ್ದು ದೊಡ್ಡುದು?’ ಎಂದ. ಆಮೇಲೆ ತಲೆ ತಗ್ಗಿಸಿ, ‘ಅಷ್ಟು ಜನ್ರ ಪಾತ್ರೆ ತೊಳ್ಯಾದ್ರಾಗೆ ಹೊತ್ತು ಮೀರೋಗಿತ್ತೇನೋ. ನಿನ್ ತಪ್ಪೇನೈತೆ. ನಾನೇ ಒಂದ್ಸಲ ಬಂದು ಕರೀಬೇಕಾಗಿತ್ತು’ ಎಂದ.

ಅಲ್ಲಿಗೇ ಬಿಡಬಹುದಾಗಿತ್ತು. ಕ್ಷಮಿಸುವ ಕಾರಣವನ್ನೂ ಅವನೇ ಹುಡುಕಿ ಕೈಗೆ ಕೊಟ್ಟಿದ್ದ. ಹೂಂ ಎಂದಿದ್ದರೆ ಇಬ್ಬರೂ ಮನೆಗೆ ನಡೆದುಕೊಂಡು ಹೋಗುತ್ತಿದ್ದೆವು, ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಆದರೆ ಹೊಸ್ತಿಲು ಮುಟ್ಟಿದ ಮಣ್ಣು ಇನ್ನೂ ಅವನ ಬೆರಳಿನಲ್ಲಿ ಹಾಗೇ ಇತ್ತು.

‘ಹೊತ್ತು ಮೀರಿರ್ಲಿಲ್ಲ ಅಣ್ಣ,’ ಎಂದೆ. ‘ಒರಳತ್ರ ಸುಮ್ಕೆ ಕುಂತಿದ್ದೆ. ನೀನು ಸೋಲ್ಲಿ ಅಂತ್ಲೇ ಕುಂತಿದ್ದೆ. ತಪ್ಪಾಯ್ತು ಕಣಣ್ಣ.’