ಮಾಸ್ತರರ ಆರ್ಕ್, ಚಾಚಾರ ಅರ್ಕ್

ವೆಲ್ಡಿಂಗ್ ಕಲಿಸುವವನ ಬಾಳಿನಲ್ಲಿ ಫಜೀತಿಗಳು ಆಗುತ್ತಲೇ ಇರುತ್ತವೆ. ಆಳಂದದ ನಮ್ಮ ತರಬೇತಿ ಕೇಂದ್ರಕ್ಕೆ ಲೇಸರ್ ಕಿರಣ, ಆರ್ಕ್ ಅನ್ನುವ ವಿದ್ಯುತ್ ಕಿಡಿ ಎರಡನ್ನೂ ಒಟ್ಟಿಗೆ ಹಾಯಿಸುವ ಯಂತ್ರ ಬಂದ ಮೇಲಂತೂ ಕೇಳಲೇಬೇಡಿ. ಅದರಲ್ಲಿ ಮಾಡಿದ ಅಲ್ಯೂಮಿನಿಯಂ ಬೆಸುಗೆ ಪರೀಕ್ಷೆಗೆ ಬರುವ ಸಾಹೇಬರಿಗೆ ಒಪ್ಪಿಗೆಯಾದರೆ ಯಂತ್ರ ಇಲ್ಲೇ, ಇಲ್ಲವಾದರೆ ಜೇವರ್ಗಿಗೆ. ಅದರ ಬೆನ್ನಿಗೆ ನನ್ನ ವರ್ಗಾವಣೆಯೂ.

೧. ಯಂತ್ರಕ್ಕೆ ವಿಭೂತಿ

ಅಲ್ಯೂಮಿನಿಯಂ ಬಲು ನಾಜೂಕು. ಚೂರು ಎಣ್ಣೆ, ತೇವ ತಾಗಿದರೂ ಬೆಸುಗೆಯಲ್ಲಿ ಗುಳ್ಳೆ. ಇದನ್ನು ಮೂರು ದಿನ ಪಾಠ ಮಾಡಿದವನು ನಾನು. ಯಂತ್ರದ ಪೂಜೆ ಮಾಡಿ, ಭಕ್ತಿ ಉಕ್ಕಿ, ಬೆಸೆಯಬೇಕಾದ ಪ್ಲೇಟುಗಳ ಸಂದಿಗೂ ಒದ್ದೆ ವಿಭೂತಿ ಬಳಿದವನೂ ನಾನೇ. ಸಾಹೇಬರು ಬೆಸುಗೆ ಕತ್ತರಿಸಿ ನೋಡಿದರೆ ಒಳಗೆಲ್ಲ ತೂತು. ಇನ್ನೊಂದೇ ಅವಕಾಶ ಎಂದು ಹೇಳಿ ಹೋದರು. ನಮ್ಮ ಕಾವಲುಗಾರ ಚಾಚಾ, ಅಫಜಲಪುರ ಕಡೆಯವರು, ತುಂಡನ್ನು ಜರಡಿಯ ಹಾಗೆ ಬೆಳಕಿಗೆ ಹಿಡಿದರು.

"ಜ್ವಾಳದ ಹಿಟ್ಟ ಸಾಣಸಾಕ ಬರ್ತದ್ರಿ ಮಾಸ್ತರ."

೨. ರೊಟ್ಟಿಯ ಪಾಠ

ಒಂದು ಕೆಲಸಕ್ಕೆ ಎರಡು ಬೆಂಕಿ ಯಾಕೆ ಎಂದು ಚಾಚಾ ಕೇಳಿದರು. ಲೇಸರ್ ಆಳಕ್ಕೆ ಇಳಿಯುತ್ತದೆ, ಆದರೆ ಅಲ್ಯೂಮಿನಿಯಂ ಕನ್ನಡಿಯ ಹಾಗೆ ಅದನ್ನು ವಾಪಸು ಕಳಿಸುತ್ತದೆ. ಸಂದಿ ತುಸು ಅಗಲವಾದರೂ ತುಂಬುವುದಿಲ್ಲ. ಆರ್ಕ್ ತಂತಿ ಕರಗಿಸಿ ಸಂದಿ ತುಂಬುತ್ತದೆ, ಆಳಕ್ಕೆ ಹೋಗದು. ಎರಡೂ ಕೂಡಿದರೆ, ಆರ್ಕ್ ಕರಗಿಸಿದ ಕಡೆ ಲೇಸರ್ ಸಲೀಸಾಗಿ ಇಳಿಯುತ್ತದೆ. ಬೋರ್ಡಿನ ತುಂಬ ಚಿತ್ರ ಬರೆದು ಇಷ್ಟೂ ಹೇಳಿದೆ.

"ರೊಟ್ಟಿ ಹಂಚಿನ ಮ್ಯಾಲ ಬೇಯಿಸಿ ಕೆಂಡಕ್ಕ ಹಿಡಿದಂಗ ಅನ್ರಿ" ಎಂದರು ಚಾಚಾ. ನಾನು ಬೋರ್ಡು ಒರೆಸಿದೆ.

೩. ಎರಡನೆಯ ಪರೀಕ್ಷೆ

ಆ ದಿನ ಬೆಳಿಗ್ಗೆಯೇ ಭಯಕ್ಕೆ ನನ್ನ ಹೊಟ್ಟೆ ತೊಳೆಸುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಯಂತ್ರ ಹೊಂದಿಸುತ್ತ, "ಆರ್ಕ್ ಸಾಲದು, ಇನ್ನೂ ಬೇಕು" ಎಂದು ಗೊಣಗಿದೆ. ಚಾಚಾ ಓಡಿಹೋಗಿ ಬಾಟಲಿ ತಂದರು. ಅವರ ಮನೆಯಲ್ಲಿ ಅರ್ಕ್ ಅಂದರೆ ಸೋಂಪಿನಿಂದ ಇಳಿಸಿದ ನೀರು, ಹೊಟ್ಟೆಯ ಔಷಧ. ವಾದಿಸಲು ತ್ರಾಣವಿಲ್ಲದೆ ಕುಡಿದೆ.

ಈ ಸಲ ಪ್ಲೇಟು ಒರೆಸಿ, ಉಜ್ಜಿ, ದೇವರನ್ನೂ ದೂರದಿಂದಲೇ ನೆನೆದೆ. ಸಾಹೇಬರು ಬೆಸುಗೆ ಕತ್ತರಿಸಿದರು, ಬಗ್ಗಿಸಿದರು, ಕನ್ನಡಕ ಏರಿಸಿ ನೋಡಿದರು. ಒಂದು ಗುಳ್ಳೆಯೂ ಇಲ್ಲ. ಯಂತ್ರ ಇಲ್ಲೇ ಇರಲಿ ಎಂದರು. ತಲೆಯ ಮೇಲಿನ ಮೂಟೆ ಇಳಿಸಿದಂತಾಗಿ ನಾನು ಯಂತ್ರ ಆರಿಸಲು ತಿರುಗಿದೆ. ಅಷ್ಟರಲ್ಲಿ ಸಾಹೇಬರು ಬರೆದುಕೊಳ್ಳಲು ಪೆನ್ನು ತೆಗೆದು ಕೇಳಿದರು: "ಆರ್ಕ್ ಎಷ್ಟು ಕೊಟ್ರಿ?"

ಬಾಗಿಲಲ್ಲಿದ್ದ ಚಾಚಾ ಮುಂದೆ ಬಂದರು.

"ಎರಡ ಚಮಚ ಕೊಟ್ಟೇನ್ರಿ ಸಾಹೇಬ್ರ. ಈಗ ಹೊಟ್ಟಿ ಆರಾಮ ಅದ."