ಬಸ್ಸಿನಲ್ಲೊಂದು ಹಾಜರಿ

ನಮ್ಮ ಶಿರಸಿ–ಯಲ್ಲಾಪುರ ಬಸ್ಸಿನಲ್ಲಿ ಕಂಡಕ್ಟರ ಕಣ್ಣು ತಪ್ಪಿಸಿ ಬೇಕಾದರೆ ಹೋಗಿಬರಬಹುದು, ಅಕ್ಕೋರ ಕಣ್ಣು ತಪ್ಪಿಸಿ ಮಾತ್ರ ಸಾಧ್ಯವೇ ಇಲ್ಲ! ಕಂಡಕ್ಟರು ಪಾಪ, ಟಿಕೇಟು ಕೊಟ್ಟು ಸುಮ್ಮನಾಗುತ್ತಾರೆ. ಅಕ್ಕೋರು ಹಾಜರಿ ತೆಗೆದುಕೊಳ್ಳುತ್ತಾರೆ.

ಹೌದು ಸ್ವಾಮಿ, ಬಸ್ಸಿನಲ್ಲಿ ಹಾಜರಿ! ಅಕ್ಕೋರೆಂದರೆ ನಮ್ಮ ಕಡೆ ಶಾಲೆಯ ಟೀಚರು. ಇವರು ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಇಡಗುಂದಿ ಕಡೆಯ ಶಾಲೆಗೆ ಹೋಗುವವರು. ಮಕ್ಕಳು ಸಿಗುವ ತನಕ ತಡೆಯಲಾರದೆ ನಮ್ಮ ಮೇಲೇ ಶುರು ಮಾಡಿಬಿಡುತ್ತಾರೆ. ಬಸ್ಸು ಸ್ಟ್ಯಾಂಡು ಬಿಟ್ಟದ್ದೇ ತಡ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬಿಸಿಲಿಗೂ ಮಳೆಗೂ ಒಂದೇ ಆದ ಕಪ್ಪು ಛತ್ರಿ ಹಿಡಿದು ಎದ್ದು ನಿಲ್ಲುತ್ತಾರೆ. ಯಾರ ಹೆಸರೂ ಅವರಿಗೆ ಬೇಡ. ಯಾರು ಎಲ್ಲಿ ದುಡಿಯುತ್ತಾರೋ ಅದೇ ಹೆಸರು.

"ಕೋರ್ಟು?"

"ಬಂದೆ ಅಕ್ಕೋರೇ."

"ದನದಾಸ್ಪತ್ರೆ?"

"ಹಾಜರ್!"

ಒಮ್ಮೆ ದನದಾಸ್ಪತ್ರೆಯವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೊಡೆಯುತ್ತಿದ್ದಾಗ ಪಕ್ಕದ ಫಾರೆಸ್ಟಿನವರು ಅವರ ಪರವಾಗಿ ಹಾಜರ್ ಎಂದರು. "ಅದು ಫಾರೆಸ್ಟಿನ ದನಿ! ದನದಾಸ್ಪತ್ರೆ ಏಳವು!" ಎಂದು ಛತ್ರಿಯ ತುದಿ ಭುಜಕ್ಕೆ ತಾಗಿತು. ಕೋರ್ಟಿನ ಗುಮಾಸ್ತರು ಒಂದು ದಿನ ಬರದಿದ್ದಾಗಿನ ಕತೆ ಇನ್ನೂ ಚೆಂದ.

"ನಿನ್ನೆ ಎಂತಕ್ಕೆ ಬಂದಿದ್ದಿಲ್ಲೆ?"

"ಮಾವನ ಮನೇಲಿ ಪೂಜೆ ಇತ್ತು ಅಕ್ಕೋರೇ."

"ಮೊದಲೇ ಹೇಳವು."

ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದು ಗುಮಾಸ್ತರು ತಲೆ ತಗ್ಗಿಸಿದರು. ನ್ಯಾಯಾಧೀಶರ ಮುಂದೂ ಅಷ್ಟು ತಗ್ಗಿಸುತ್ತಾರೋ ಇಲ್ಲವೋ!

ನನ್ನ ಹೆಸರು 'ಕೌಂಟರು'. ಯಲ್ಲಾಪುರದ ಒಂದು ಕಚೇರಿಯಲ್ಲಿ ಗಾಜಿನ ಕಿಂಡಿಯ ಹಿಂದೆ ಕೂತು ದಿನವಿಡೀ ಜನರ ಗೊಣಗಾಟ ಕೇಳುವುದು ನನ್ನ ಕೆಲಸ. ಶಿರಸಿಯಲ್ಲೊಂದು ಬಾಡಿಗೆ ಕೋಣೆ, ಒಬ್ಬಳೇ. ಅರ್ಧ ಜೀವ ಕಿಂಡಿಯಲ್ಲಿ ಹೋದರೆ ಉಳಿದರ್ಧ ಬಸ್ಸಿನಲ್ಲಿ ಹೋಗುತ್ತದೆ. ಇನ್ನು ಹಾಜರಿ ಕೂಗುವ ತ್ರಾಣ ಎಲ್ಲಿಂದ ತರಲಿ? "ಕೌಂಟರು?" ಎಂದಾಗ ಕಣ್ಣು ಮುಚ್ಚಿಕೊಂಡೇ ಒಂದು ಬೆರಳು ಎತ್ತುತ್ತಿದ್ದೆ, ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. "ಬಾಯಿ ಎಂತಕ್ಕೆ ಇದ್ದು ಕೂಸೇ?" ಎನ್ನುತ್ತಿದ್ದರು. ಉಣ್ಣುವುದಕ್ಕೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಹೀಗಿರುವಾಗ ಶಾಲೆಗಳಿಗೆ ಇನ್ನೇನು ಬೇಸಿಗೆ ರಜೆ ಎನ್ನುವ ಹೊತ್ತಿಗೆ ಆ ದಿನ ಬಂತು. ಬೆಳಿಗ್ಗೆ ಸುಡುಬಿಸಿಲು. ಮಧ್ಯಾಹ್ನ ಡಬ್ಬಿ ತೆರೆಯುವಾಗ ಕತ್ತಲೆ ಕವಿಯಿತು. ಗಾಳಿ ಬಂತು ನೋಡಿ, ಎದುರಿನ ಚಾ ಅಂಗಡಿಯ ತಗಡು ನಮ್ಮ ಕಿಟಕಿಯ ಮುಂದೆಯೇ ಹಾರಿಹೋಯಿತು! ಕರೆಂಟು ಹೋಯಿತು, ಕಂಪ್ಯೂಟರು ಸತ್ತಿತು. ಸರದಿಯವರು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. "ಮೇಡಂ, ಮಳೆಗೂ ನಮ್ಮ ಅರ್ಜಿಗೂ ಎಂತ ಸಂಬಂಧ?" ಎಂದು ಒಬ್ಬರು ಕೇಳಿದರು. ಸಂಜೆ ಬಸ್ಸು ಹತ್ತುವಾಗ ನನ್ನಲ್ಲಿ ಬೆರಳೆತ್ತುವಷ್ಟೂ ಶಕ್ತಿ ಇರಲಿಲ್ಲ. ಆದರೂ ಎತ್ತಿದೆ.

ಮಂಚಿಕೇರಿ ದಾಟಿದ ಮೇಲೆ ರಸ್ತೆಗಡ್ಡ ದೊಡ್ಡದೊಂದು ಮರ ಮಲಗಿತ್ತು. ಆಚೆ ಬದಿಗೆ ಶಿರಸಿಯಿಂದ ಬಂದ ಬಸ್ಸೂ ನಿಂತಿತ್ತು. ಎರಡೂ ಕಡೆಯ ಡ್ರೈವರುಗಳು ಕೂಗಾಡಿ ಒಂದು ಒಪ್ಪಂದಕ್ಕೆ ಬಂದರು. ಅಲ್ಲಿಯವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ದಾಟುವುದು, ಬಸ್ಸುಗಳು ಬಂದ ದಾರಿಗೆ ತಿರುಗುವುದು. ಇಳಿದದ್ದೇ ಎಲ್ಲರೂ ಓಡಿದರು. ನಾನು ಕೊನೆಯವಳು. ಮರದ ಬುಡವನ್ನು ಬಳಸಿ ಕಾಡಿನ ಅಂಚಿಗೆ ಇಳಿದೆನೋ ಇಲ್ಲವೋ, ಚಪ್ಪಲಿ ಕಿತ್ತು ಸೀದಾ ಗಟಾರಕ್ಕೆ ಬಿದ್ದೆ. ಪಾದ ತಿರುಚಿತು. ಎಲ್ಲಿ ಏಳುವುದು! ಮೊಬೈಲಿಗೆ ಸಿಗ್ನಲ್ಲಿಲ್ಲ. ಗುಡುಗಿನ ಮುಂದೆ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಆಚೆಯ ಬಸ್ಸಿನ ಎಂಜಿನ್ ಶುರುವಾಯಿತು. ಅದು ಬೇರೆ ಬಸ್ಸು, ಬೇರೆ ಕಂಡಕ್ಟರು. ನಾನೆಂಬ ಒಬ್ಬಳಿದ್ದೇನೆಂದು ಅವರಿಗೇನು ಗೊತ್ತು? ನಮ್ಮ ಬಸ್ಸಿನವರ ಜೊತೆಯಾದರೂ ನಾನು ಎಂದಾದರೂ ಬಾಯಿ ಬಿಟ್ಟಿದ್ದೆನೇ? ಕೋಣೆಗೆ ಬೀಗ ಹಾಗೇ ಇದ್ದರೆ ಕೇಳುವವರೂ ಇಲ್ಲ. ಹೆದರಿ ಅತ್ತುಬಿಟ್ಟೆ.

"ಕೌಂಟರೂ! ಏ ಕೌಂಟರೂ!"

ಮಳೆಯನ್ನು ಸೀಳಿಕೊಂಡು ಬಂದ ಆ ದನಿಗೆ ನನ್ನ ಬಾಯಿ ತಾನಾಗಿ ತೆರೆಯಿತು.

"ಬಂದೇ ಅಕ್ಕೋರೇ! ಇಲ್ಲಿದ್ದೇ!"

ಮೊದಲು ಕಂಡದ್ದು ಗಾಳಿಗೆ ಉಲ್ಟಾ ಆದ ಕಪ್ಪು ಛತ್ರಿ. ಅದರ ಕೆಳಗೆ ತೊಯ್ದು ತೊಪ್ಪೆಯಾದ ಅಕ್ಕೋರು, ಹಿಂದೆ ಕೋರ್ಟು, ದನದಾಸ್ಪತ್ರೆ! ಇಬ್ಬರೂ ಎರಡು ರಟ್ಟೆ ಹಿಡಿದು ನನ್ನನ್ನು ಎತ್ತಿದರು.

ಬಸ್ಸಿನಲ್ಲಿ ನಡೆದದ್ದನ್ನು ಆಮೇಲೆ ಕೋರ್ಟಿನವರು ಹೇಳಿದರು. ಹೊಸ ಕಂಡಕ್ಟರು ದಾಸನಕೊಪ್ಪದ ಕಡೆಯವರು, ಮಾತು ಬಯಲುಸೀಮೆಯದು. "ಒಬ್ಬರ ಸಲುವಾಗಿ ಇಷ್ಟ ಮಂದೀನ ನಿಲ್ಲಸೂದೇನ್ರೀ? ಇನ್ನೊಂದ ಮರ ಬಿದ್ರ ಎಲ್ಲಾರೂ ಇಲ್ಲೇ ಉಳೀಬೇಕಾಕ್ಕೈತಿ! ಕುಂಡ್ರಿ ಅಕ್ಕಾರ!" ಎಂದು ಗದರಿದರಂತೆ. ಅಕ್ಕೋರು ಕೆಳಗಿಳಿದು ಬಸ್ಸಿನ ಮುಂದೆ ಛತ್ರಿ ಅಡ್ಡ ಹಿಡಿದು ನಿಂತರಂತೆ. "ಹಾಜರಿ ಮುಗಿಯದೆ ಬಸ್ಸು ಹೊರಡ್ತಿಲ್ಲೆ. ನನ್ನ ಮೇಲೆ ಹತ್ತಿಸ್ಕ್ಯಂಡು ಹೋಗಿ ಬೇಕಾದ್ರೆ!"

ಬಸ್ಸು ಹೊರಟಾಗ ಅಕ್ಕೋರು ನನ್ನ ಪಕ್ಕದಲ್ಲಿ ಕೂತು, ತಮ್ಮ ಒದ್ದೆ ಸೆರಗಿನಿಂದ ನನ್ನ ಒದ್ದೆ ತಲೆ ಒರೆಸುತ್ತಿದ್ದರು. ಒದ್ದೆಯಿಂದ ಒದ್ದೆ ಒರೆಸಿದರೆ ಏನಾಗುತ್ತದೆ? ಆದರೂ ನಾನು ಬೇಡ ಎನ್ನಲಿಲ್ಲ.

"ಅಷ್ಟು ಜನರಲ್ಲಿ ನಾನು ಇಲ್ಲೆ ಹೇಳಿ ಹೆಂಗೆ ಗೊತ್ತಾತು ಅಕ್ಕೋರೇ?" ಎಂದೆ.

"ಕೌಂಟರು ಹೇಳಿ ಕೂಗಿದಿ. ಬೆರಳು ಕಂಡಿದ್ದಿಲ್ಲೆ," ಎಂದರು. ಆಮೇಲೆ ಮುಖ ಗಂಟಿಕ್ಕಿ, "ಇವತ್ತು ನೀನು ತಡ ಮಾಡಿದ್ದೆ. ನಾಳೆ ಹಿಂಗೆ ಆಪ್ಲಾಗ," ಎಂದು ತಾಕೀತು ಮಾಡಿದರು.

ಮರುದಿನ ಪಾದ ಕುಂಬಳಕಾಯಿಯಂತೆ ಊದಿತ್ತು. ಕಚೇರಿಗೆ ಫೋನು ಮಾಡಿ ರಜೆ ಹೇಳಿದೆ. ಆದರೆ ಬಸ್ಸಿಗೆ? ಆಟೋ ಹಿಡಿದು ಕುಂಟುತ್ತ ಸ್ಟ್ಯಾಂಡಿಗೆ ಹೋದೆ. ಹೊರಡಲಿದ್ದ ಬಸ್ಸಿನ ಕಿಟಕಿಯ ಕೆಳಗೆ ನಿಂತು, "ಅಕ್ಕೋರೇ, ಕೌಂಟರು ಇವತ್ತು ರಜೆ!" ಎಂದು ಗಂಟಲು ಬಿಚ್ಚಿ ಕೂಗಿದೆ.